ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ

ಲಿಯೆಪಾಯಾದಲ್ಲಿ ಗಾಳಿ ಬಾಡಿಗೆ ಕೊಡುವುದಿಲ್ಲ,
ಆದರೂ ಎಲ್ಲರ ಮನೆಯಲ್ಲೂ ಇರುತ್ತದೆ.
ನನ್ನ ಅಡುಗೆಮನೆ ಮೇಜಿನ ಒಂದು ತುದಿಗೆ ಕಪ್ಪು ರೊಟ್ಟಿ, ಬೆಣ್ಣೆ,
ಇನ್ನೊಂದು ತುದಿಗೆ ಡೆನ್ಮಾರ್ಕಿನ ಕುರ್ಚಿ ಕಂಪನಿಯೊಂದರ
ಕಿರ್ದಿ, ಖಾತೆ, ದಾಸ್ತಾನು.
ಏಳು ವರ್ಷದಿಂದ ಅವರ ಕುರ್ಚಿಗಳನ್ನು ಎಣಿಸುತ್ತಿದ್ದೇನೆ.
ಒಂದರ ಮೇಲೂ ಕೂತಿಲ್ಲ.

ಮಂಗಳವಾರ ಬಿರ್ಗಿಟ್ಟೆ ಪರದೆಗೆ ಬಂದಳು.
ಹಿಂದೆ ಯಾರದೋ ಹುಟ್ಟುಹಬ್ಬ, ಕೇಕು ಕತ್ತರಿಸುತ್ತಿದ್ದರು.
"ವಿಜ್ಮಾ, ಕಂಟ್ರೋಲರ್ ಜಾಗ ಖಾಲಿಯಾಗುತ್ತಿದೆ, ನೀನೇ ಸರಿ.
ಆದರೆ ಆರ್ಹುಸ್‌ಗೆ ಬಂದುಬಿಡಬೇಕು.
ಹತ್ತು ಜನರ ಮುಖ ನೋಡಿ ಮಾಡುವ ಕೆಲಸ ಅದು."
ಈ ಏಳು ವರ್ಷದಲ್ಲಿ ಅವಳು ನನ್ನ ಕಾಲು ನೋಡಿದವಳಲ್ಲ:
ಮೇಲೆ ಇಸ್ತ್ರಿ ಮಾಡಿದ ಅಂಗಿ,
ಕೆಳಗೆ ಹೆಬ್ಬೆರಳು ಇಣುಕುವ ಉಣ್ಣೆಯ ಕಾಲುಚೀಲ.
ಯೋಚಿಸುತ್ತೇನೆ ಎಂದೆ.
ಕೇಕಿನ ಕೊನೆಯ ತುಂಡು ಯಾರಿಗೆ ಹೋಯಿತೋ,
ಅಷ್ಟರಲ್ಲಿ ಪರದೆ ಕಪ್ಪಾಯಿತು.

ರಾತ್ರಿ ಹಾಳೆಯ ನಡುವೆ ಗೀಟೆಳೆದೆ.
ಎಡಕ್ಕೆ ಹೋಗುವುದು, ಬಲಕ್ಕೆ ಉಳಿಯುವುದು.
ಸಂಬಳ ಒಂದೂವರೆ ಪಟ್ಟು ಎಂದು ಎಡಕ್ಕೆ ಬರೆದೆ,
ಕೆಳಗೇ ಅಲ್ಲಿಯ ಬಾಡಿಗೆ ಬರೆದೆ, ಒಂದೂವರೆ ಒಂದಾಯಿತು.
ಬಲಕ್ಕೆ: ಹೀಗೇ ಕೂತರೆ ಹಿರಿಯ ಲೆಕ್ಕಿಗಳು,
ಆಮೇಲೂ ಹಿರಿಯ ಲೆಕ್ಕಿಗಳು,
ಆಮೇಲೆ ಬರೀ ಹಿರಿಯಳು.
ಮಧ್ಯಾಹ್ನ ಮೂರಕ್ಕೆ ಕೆಟಲ್ ಕೂಗುವ ಸದ್ದನ್ನು
ಯಾವ ಖಾತೆಗೆ ಹಾಕಲಿ?
ಇಡೀ ದಿನ ಮಾತಿಲ್ಲದೆ ಸಂಜೆ ಅಂಗಡಿಯಲ್ಲಿ
"ಚೀಲ ಬೇಡ" ಎನ್ನುವಾಗ ದನಿ ಒಡೆಯುತ್ತದಲ್ಲ,
ಅದು ಖರ್ಚೋ, ಸವಕಳಿಯೋ?

ಗೀಟಿನ ಮೇಲೆಯೇ, ಎರಡೂ ಕಡೆ ಸೇರದೆ, ಗುಂಟಿಸ್ ನಿಂತಿದ್ದ.
ಸಂತೆಯಲ್ಲಿ ಹೊಗೆಮೀನು ಮಾರುವವನು.
ವರ್ಷಕ್ಕೊಮ್ಮೆ ಬೂಟಿನ ಡಬ್ಬಿಯಲ್ಲಿ ರಸೀದಿ ತರುತ್ತಾನೆ,
ಒಂದೊಂದಕ್ಕೂ ಮೀನೆಣ್ಣೆಯ ಮೊಹರು.
"ಬೀದಿಗೊಂದು ಬೋರ್ಡು ಹಾಕು ಮಾರಾಯ್ತಿ,
ನಮ್ಮಂಥ ಡಬ್ಬಿಗಳು ಊರ ತುಂಬ ಇವೆ."
ಫೀಸು ಕೇಳಿದರೆ ಎರಡು ಮೀನು ಕಟ್ಟಿಕೊಡುತ್ತಾನೆ.
ಮೀನಿನಲ್ಲಿ ಮನೆಸಾಲ ತೀರುವುದಿಲ್ಲ.

ನನಗೆ ಲೆಕ್ಕ ಕಲಿಸಿದವನು ಐವಾರ್ಸ್,
ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ,
ಪೆನ್ಸಿಲಿಗೆ ದಾರ ಕಟ್ಟಿ ಮೇಜಿಗೆ ಬಿಗಿದವನು.
"ತಾಳೆಯಾಗದಿದ್ದರೆ ಹೆದರಬೇಡ ಹುಡುಗಿ.
ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸು.
ಶೇಷ ಉಳಿಯಲಿಲ್ಲವೋ,
ಎಲ್ಲೋ ಎರಡು ಅಂಕಿ ಜಾಗ ಬದಲಿಸಿವೆ."
ಮೂವತ್ತೊಂದು ವರ್ಷ ಅವನು ಕುರ್ಚಿ ಬಿಡಲಿಲ್ಲ;
ಒಂದು ದಿನ ಕಾರ್ಖಾನೆಯೇ ಅವನ ಅಡಿಯಿಂದ ಎದ್ದುಹೋಯಿತು.
ಪೆನ್ಸಿಲು ಬಿಚ್ಚಿಕೊಂಡ. ದಾರ ಅಲ್ಲೇ ಉಳಿಯಿತು.

ನನಗೀಗ ನಲವತ್ತಾರು.
ಮನೆಸಾಲದ ಕೊನೆಯ ಕಂತಿಗೆ ಅರವತ್ತನಾಲ್ಕು.
ಹಾಳೆಯ ತಳದಲ್ಲಿ ಎರಡನ್ನೂ ಬರೆದು ಕಳೆದೆ:
ಹದಿನೆಂಟು.
ಒಂಬತ್ತೆರಡ್ಲಿ. ಶೇಷವಿಲ್ಲ.
ನಕ್ಕೆ. ಅಡುಗೆಮನೆಯಲ್ಲಿ ಒಬ್ಬಳೇ, ಗಟ್ಟಿಯಾಗಿ.
ಯಾರೋ ಅವಸರದಲ್ಲಿ ನನ್ನನ್ನು ತಿರುಗಿಸಿ ಬರೆದಿದ್ದಾರೆ,
ಹುಡುಕಿದರೆ ಆ ಪುಟ ಸಿಕ್ಕೀತು ಎಂಬಂತೆ
ಹಳೆಯ ಡೈರಿಗಳನ್ನೆಲ್ಲ ತೆಗೆದೆ.
ಹಲ್ಲಿನ ವೈದ್ಯರು, ತೆರಿಗೆಯ ಕೊನೆ ದಿನ, ಹಲ್ಲಿನ ವೈದ್ಯರು.
ತಪ್ಪು ಎಲ್ಲೂ ಇರಲಿಲ್ಲ.
ಅದೇ ಹೆದರಿಕೆ ಹುಟ್ಟಿಸಿತು.

ಬೆಳಿಗ್ಗೆ ಬಿರ್ಗಿಟ್ಟೆಗೆ ಬರೆದೆ: ಹೂಂ ಅಲ್ಲ, ಉಹೂಂ ಅಲ್ಲ.
ಮುಂದಿನ ತಿಂಗಳು ಒಂದು ವಾರ ಬರುತ್ತೇನೆ, ನನ್ನ ಖರ್ಚಿನಲ್ಲೇ.
ಆ ಹತ್ತು ಮುಖಗಳ ಜೊತೆ ಊಟ ಮಾಡಬೇಕು,
ಮತ್ತೆ ದಯವಿಟ್ಟು, ನಿಮ್ಮ ಒಂದು ಕುರ್ಚಿಯಲ್ಲಿ
ಸ್ವಲ್ಪ ಹೊತ್ತು ಕೂತು ನೋಡಬೇಕು.

ಉತ್ತರ ಬರುವವರೆಗೆ ಇದು ಅಮಾನತು ಖಾತೆಯಲ್ಲಿರಲಿ.
ವರ್ಷಾಂತ್ಯಕ್ಕೆ ಅದು ಸೊನ್ನೆಯಾಗಲೇಬೇಕು, ಗೊತ್ತು, ಐವಾರ್ಸ್.
ಇನ್ನೂ ಅಕ್ಟೋಬರ್.
ಗುಂಟಿಸ್‌ನ ಡಬ್ಬಿ ತೆರೆಯುತ್ತೇನೆ,
ಗಾಳಿ ಬಂದು ಮೇಲಿನ ಮೂರು ರಸೀದಿ ಹಾರಿಸುತ್ತದೆ.