ದುಭಾಷಿ

ಒಂಬತ್ತು ಮಳೆಗಾಲ ನಾನು ಅವರ ನಾಲಗೆಯಾಗಿದ್ದೆ.

ಲಾರ್ಡ್ ಎವರಾರ್ಡ್ ಥರ್ಲ್‌ವಾಲ್, ಡ್ಯೂಕರ ಎರಡನೆಯ ಮಗ:
ಅರಮನೆ ಅಣ್ಣನಿಗೆ, ಇವರಿಗೆ ಪಾರ್ಲಿಮೆಂಟಿನ ಒಂದು ಬೆಂಚು.
ಅದನ್ನೂ ಸಾಬೂನು ವ್ಯಾಪಾರಿಯೊಬ್ಬ
ನಲವತ್ತೊಂದು ಮತದಲ್ಲಿ ಕಿತ್ತುಕೊಂಡ.
ಅತ್ತ ಮಗುವಿಗೆ ಬೆಲ್ಲ ಕೊಟ್ಟಂತೆ
ಅವರ ಪಕ್ಷ ಅವರಿಗೆ ನಮ್ಮ ನದಿಯನ್ನು ಕೊಟ್ಟಿತು.
ಕುಡಿದ ರಾತ್ರಿ ಇದನ್ನೆಲ್ಲ ಹೇಳಿದವರು ಅವರೇ.

ಹಗಲಲ್ಲಿ ಹಂಸದ ಗರಿಯ ಟೋಪಿ,
ಬೆವರಿಗಂಟಿದ ಬಿಳಿ ಕೈಗವಸು.
ಬೂರುಗದ ಮರದಡಿ ಊರು ಕೂತಿರುತ್ತಿತ್ತು.
"ಗುಡಿಸಲಿಗೆ ನಾಲ್ಕು ಶಿಲಿಂಗ್. ತಪ್ಪಿದರೆ ಬೇಡಿ"
ಅವರು ಅನ್ನೋರು.
ನಾನು ಮಂಡಿಂಕಾದಲ್ಲಿ:
"ದೊರೆ ನಿಮ್ಮ ಹಿರಿಯರಿಗೆ ಕೈಮುಗಿದಿದ್ದಾರೆ,
ಹಸುಗಳ ಕ್ಷೇಮ ಕೇಳಿದ್ದಾರೆ, ನಾಲ್ಕು ಶಿಲಿಂಗಿಗೆ
ಶೇಂಗಾ ಕಿತ್ತ ಮೇಲೆ ದಾರಿ ಹುಡುಕೋಣ ಅನ್ನುತ್ತಾರೆ."
"ಇಷ್ಟುದ್ದವೇ, ಕೆಬ್ಬಾ, ನಾನಂದದ್ದು?"
"ನಮ್ಮ ಭಾಷೆಗೆ ಸುತ್ತು ಜಾಸ್ತಿ, ಯುವರ್ ಎಕ್ಸಲೆನ್ಸಿ."

ಬೈಗುಳವೂ ನನ್ನ ಬಾಯಿ ದಾಟುವಾಗ ಹರಸಿ ಹೋಗುತ್ತಿತ್ತು.
"ನಿನ್ನ ಗರಿಗೆ ಹೇನು ಹತ್ತಲಿ" ಅಂದ ಮುದುಕಿ ನಿಯಿಮಾಳ
ಕೈ ಹಿಡಿದು ಕುಲುಕಿದರು ಇವರು, ಕಣ್ಣು ತೇವ.

ಎರಡು ನಾಲಗೆಯವನು ಅಂತ ಹೆಂಡತಿಯ ತಮ್ಮ ಹಂಗಿಸುತ್ತಿದ್ದ.
ಇರಲಿ. ಒಂದೇ ಇದ್ದಿದ್ದರೆ ಅವನೂ ಜೈಲಲ್ಲಿರುತ್ತಿದ್ದ.

ಆಮೇಲೆ ಮೇಲ್ನದಿಯ ಆ ಊರು.
ಹೆಸರು ಹೇಳುವುದಿಲ್ಲ; ಈಗ ಅಲ್ಲಿ ಊರಿಲ್ಲ.
ತೆರಿಗೆಯವನ ತಲೆಗೆ ಕಲ್ಲು ಬಿದ್ದಿತ್ತು.
ಅವರು ಕುದುರೆಯಿಂದ ಇಳಿಯಲಿಲ್ಲ. ಟೋಪಿ ಇರಲಿಲ್ಲ ಅವತ್ತು.
ಪೊಲೀಸರು ನಮ್ಮ ಹುಡುಗರೇ, ಇಂಗ್ಲಿಷ್ ಬಾರದವರು,
ನನ್ನ ಬಾಯಿ ನೋಡುತ್ತ ನಿಂತಿದ್ದರು.
"ಸುಡಿ."
ಅಷ್ಟೇ. ಎರಡಕ್ಷರದ ಸಂದಿಯಲ್ಲಿ
ಹಸುಗಳ ಕ್ಷೇಮವನ್ನು ಎಲ್ಲಿ ತುರುಕಲಿ?
ಹೇಳಿದೆ. ನಾನೇ ಹೇಳಿದೆ.
ನಮ್ಮ ಭಾಷೆಯಲ್ಲೂ ಅದು ಚಿಕ್ಕ ಮಾತೇ
ಅಂತ ಅವತ್ತು ಗೊತ್ತಾಯಿತು.

ಹಡಗುಕಟ್ಟೆಯಲ್ಲಿ ಬ್ಯಾಂಡು ಬಾರಿಸುತ್ತಿತ್ತು.
ಒಂಬತ್ತು ವರ್ಷಕ್ಕೆ ಕಲಿತ ಒಂದೇ ಪದ, "ಅಬರಕಾ",
ಧನ್ಯವಾದ, ಒತ್ತು ತಪ್ಪಿಸಿ, ನನ್ನ ಭುಜ ತಟ್ಟಿ ಅಂದರು.
ತಿದ್ದಲಿಲ್ಲ.

ಈಗ ಅಲ್ಲಿ ಮೇಲ್ಮನೆಯಲ್ಲಿದ್ದಾರೆ, ತಮ್ಮದೇ ಪದವಿ ಪಡೆದು.
ಹುರಿದ ಶೇಂಗಾ ಕಟ್ಟಿಕೊಟ್ಟ ಹಳೆ ಪತ್ರಿಕೆಯಲ್ಲಿ ಅವರ ಭಾಷಣ:
"ಆ ಜನ ನನ್ನನ್ನು ಪ್ರೀತಿಸಿದರು.
ಈ ಕಿವಿಯಾರೆ ಕೇಳಿದ್ದೇನೆ."

ಕೇಳಿದ್ದು ನನ್ನನ್ನು, ಸ್ವಾಮಿ.
ಮುಂದಿನ ಸಾಲಿನ ಮೇಲೆ ಎಣ್ಣೆ ಜಿಡ್ಡು.