ತೂಕದ ಚೀಟಿ

ಕೊಪ್ಪ ಸೇತುವೆಗೆ ಈಚೆ, ಮೊಯ್ದುವಿನ ಶೆಡ್ಡಿನಲ್ಲಿ
ಮೂರು ಟ್ರೇಲರುಗಳು ಮೂತಿ ನೆಲಕ್ಕೂರಿ ನಿಂತಿದ್ದವು,
ನೊಗ ಇಳಿಸಿದ ಗಾಡಿಗಳ ಹಾಗೆ.

ಮೊದಲನೆಯದು ಪಂಜಾಬಿನಿಂದ ಬಂದದ್ದು.
ಹಿಂದೆ ಎರಡು ಕುದುರೆಗೆ ಜಾಗ, ಮುಂದೆ ಸಂಸಾರ:
ಜೋಡಿ ಮಂಚ, ಸಿಂಕು, ಶವರು, ಕಿಟಕಿಗೆ ಲೇಸಿನ ಪರದೆ.
ಬಿದ್ದಪ್ಪ ಬೂಟು ಬಿಚ್ಚದೆ ಮಂಚದ ಮೇಲೆ ಒರಗಿ
"ಇದೇ ಸಾಕು" ಅಂದರು.
ಇಪ್ಪತ್ತೆಂಟು ವರ್ಷದಲ್ಲಿ ಯಾವ ಮಂಚದ ಬಗ್ಗೆಯೂ
ಅವರು ಬೇರೆ ಮಾತು ಆಡಿದ್ದನ್ನು ಕೇಳಿಲ್ಲ.

ಚಾಸಿಗೆ ಬಡಿದ ತಗಡಿನ ಮಸಿಯನ್ನು ಮೊಯ್ದು ಉಗುರಿನಿಂದ ಕೆರೆದ:
ಖಾಲಿ ತೂಕ, ಸಾವಿರದ ಏಳುನೂರ ಎಂಬತ್ತು.
"ಜೀಪು ಎಷ್ಟು ಎಳೀತದೆ ಅಕ್ಕ?"
ಎರಡೂವರೆ ಸಾವಿರ, ಪುಸ್ತಕದಲ್ಲಿ ಹಾಗಿದೆ.
"ಪುಸ್ತಕ ಬರೆದವ ಆನೆಕಾಡಿನಿಂದ ಮಡಿಕೇರಿಗೆ ಏರಿಲ್ಲ."
ಸ್ವಲ್ಪ ಹೊತ್ತು ಬಿಟ್ಟು: "ಏರುವುದು ಹೇಗೋ ಆಗ್ತದೆ. ಇಳಿಯುವುದು."

ರಾತ್ರಿ ಪೊನ್ನಂಪೇಟೆಯಲ್ಲಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಗೆ ಬರೆದೆ:
ನೀರಿನ ಟ್ಯಾಂಕು ನೂರು. ಹುಲ್ಲು ಅರವತ್ತು.
ಜೀನು, ಬಕೆಟ್ಟು, ಹುರುಳಿ ಮೂಟೆ, ಗ್ಯಾಸು.
ಬಿದ್ದಪ್ಪ ಬಿಡಲೊಲ್ಲದ ಹಿತ್ತಾಳೆಯ ನೂಪುಟ್ಟು ಒರಳು, ನಾಲ್ಕೂವರೆ
(ಅವರು ಮಲಗಿದ ಮೇಲೆ ತೂಗಿದ್ದು).
ನನ್ನ ತೂಕ ಇದ್ದ ಹಾಗೆ. ಅವರದು ಅವರು ಹೇಳಿದ ಹಾಗೆ,
ಮೇಲೆ ಹತ್ತು.

ಉಳಿದವಳು ಕೆಂದಳಿಲು.
ಹೆಸರಿಟ್ಟವಳು ನಾನೇ,
ಕುದುರೆಗೆ ತೂಕವೇ ಇರುವುದಿಲ್ಲವೆಂಬಂತೆ.

ಬೆಳಿಗ್ಗೆ ಲಾರಿಗಳು ಬರುವ ಮುನ್ನ
ಗೋಣಿಕೊಪ್ಪಕ್ಕೆ ನಡೆಸಿಕೊಂಡು ಹೋದೆ, ಕಾಫಿ ಕ್ಯೂರಿಂಗಿನ ವೇಬ್ರಿಜ್ಜಿಗೆ.
ಕಬ್ಬಿಣದ ಹಲಗೆ ಟೊಳ್ಳಾಗಿ ಗುಡುಗಿತು.
ಒಂದು ಕಾಲಿಟ್ಟಳು, ತೆಗೆದಳು, ಮೂಸಿದಳು, ಮತ್ತೆ ಇಟ್ಟಳು.
ನಾಲ್ಕೂ ಕಾಲು ಬರುವಷ್ಟರಲ್ಲಿ ರಿತಿನ್ ಎರಡು ಚಹಾ ಮುಗಿಸಿದ್ದ.
ಹಗ್ಗ ಉದ್ದ ಬಿಟ್ಟು ನಾನು ಕೆಳಗಿಳಿದೆ.
ಗಾಜಿನ ಹಿಂದೆ ಕೆಂಪು ಅಂಕಿ: ನಾನೂರ ಇಪ್ಪತ್ತೈದು.
ಮೂವತ್ತು. ಇಪ್ಪತ್ತೈದು.
"ಅಲ್ಲಾಡದೆ ನಿಲ್ಲಲಿಕ್ಕೆ ಹೇಳಿ."
ನಿಂತೇ ಇದ್ದಳು. ಒಂದು ಹಿಂಗಾಲಿನಿಂದ ಇನ್ನೊಂದಕ್ಕೆ
ಮೈಭಾರ ದಾಟಿಸಿದಳು, ಅಷ್ಟೆ.

ಮೊಯ್ದು ಹೇಳಿದ್ದು ಇದನ್ನೇ.
ಮಂಚ ಬೋಲ್ಟು ಹಾಕಿದಲ್ಲೇ ಇರುತ್ತದೆ,
ಸಿಂಕಿಗೆ ತಿರುವು ಗೊತ್ತಿಲ್ಲ.
ಕುದುರೆ ಬೆಚ್ಚಿದರೆ ಆ ಬೆಚ್ಚು ಹಿಂದಿನಿಂದ ಜೀಪನ್ನು ನೂಕುತ್ತದೆ;
ಯಾವ ತಗಡಿನಲ್ಲೂ ಅದರ ಅಚ್ಚಿಲ್ಲ.

ಚೀಟಿಯಲ್ಲಿ ಸರಕಿನ ಹೆಸರು ಬೇಕೇ ಬೇಕಿತ್ತು.
ರೋಬಸ್ಟಾ, ಅರೇಬಿಕಾ, ಭತ್ತ, ಮೆಣಸು.
ರಿತಿನ್ ನನ್ನ ಮುಖ ನೋಡಿ ಮೆಣಸು ಒತ್ತಿದ.

ಎರಡನೆಯದರ ನೆಲ ತುಕ್ಕು ಹಿಡಿದಿತ್ತು.
ಮೂರನೆಯದನ್ನು ತಂದೆವು: ಒಂದೇ ಕುದುರೆಗೆ,
ಮುಂದೆ ಒಂದು ಹಲಗೆ, ಇಬ್ಬರು ಮಲಗಬಹುದು
ಒಟ್ಟಿಗೇ ಮಗ್ಗುಲು ಬದಲಿಸುವುದಾದರೆ.
ಒರಳು ಬಂತು. ಶವರು ಬರಲಿಲ್ಲ.

ಮೊದಲ ರಾತ್ರಿ ಅಂಗಳದಲ್ಲೇ, ಪರೀಕ್ಷೆಗೆಂದು.
ಪ್ಲೈವುಡ್ಡಿನ ಆಚೆ ಅವಳು ಕಾಲು ಬದಲಿಸಿದಳು.
ಹಲಗೆ ಒಂದು ಬೆರಳಷ್ಟು ವಾಲಿತು.
"ಯಾರದು?" ನಿದ್ದೆಗಣ್ಣಿನ ಬಿದ್ದಪ್ಪ.
ನಾನಲ್ಲ, ಅಂದೆ.