ಹಿಂದಿನ ಸೀಟು

ಬ್ರನೋ ನಗರ, ನೆಲಮಾಳಿಗೆಯ ಗ್ಯಾರೇಜು, ಫೆಬ್ರವರಿ.
ಬಾಯಿಂದ ಹಬೆ ಬಿಡುತ್ತ ನಾವಿಬ್ಬರು,
ಹಬೆ ಬಿಡದ ಒಂದು ಬೂದು ಬಣ್ಣದ ಕಾರು.
ಹೊಟ್ಟೆ ಬಗಿದು ತಾಮ್ರದ ತಂತಿಯನ್ನೆಲ್ಲ
ಹೊರಗೆಳೆದು ತೂಗಿದ್ದೆವು: ಮೂವತ್ತೊಂದು ಕಿಲೊ.
ಇಷ್ಟೊಂದು ಕರುಳು ಯಾಕೆ ಇದಕ್ಕೆ, ಎಂದಳು ಹೆಡ್ವಿಕಾ,
ಚಕ್ರ, ಬಾಗಿಲು, ಸೀಟು
ಗಾಳಿಯಲ್ಲೇ ಮಾತಾಡಿಕೊಳ್ಳಲಿ.

ಆಡಿದ್ದು ಕೇಳಿಸುತ್ತದೆಯೇ, ಅದು ನನ್ನ ಕೆಲಸ.
ಡ್ಯಾಶ್‌ಬೋರ್ಡಿನ ಮೇಲೊಂದು ಆಂಟೆನಾ,
ಹಿಂದಿನ ಗಾಜಿನ ಬಳಿ ಇನ್ನೊಂದು.
ನಡುವೆ ಎರಡು ಮಾರು ಕೂಡ ಇಲ್ಲ,
ಅಷ್ಟರಲ್ಲೇ ಎಷ್ಟು ದಾರಿ!
ಒಂದು ಅಲೆ ನೆಟ್ಟಗೆ ಬಂತು.
ಒಂದು ಛಾವಣಿಗೆ ತಲೆ ಬಡಿದುಕೊಂಡು ಬಂತು.
ಮತ್ತೊಂದು ಬಾಗಿಲ ತಗಡು, ಕಿಟಕಿಯ ಚೌಕಟ್ಟು, ಮತ್ತೆ ಬಾಗಿಲು
ಎಂದು ಅಲೆದಲೆದು, ಮೂವತ್ತು ನ್ಯಾನೊ ಸೆಕೆಂಡು ತಡವಾಗಿ
ಅದೇ ಮಾತನ್ನು ಇನ್ನೂ ಸಣ್ಣ ದನಿಯಲ್ಲಿ ಹೇಳಿತು.
ಎಲ್ಲ ಕೂಡಿಸಿ ಒಂದು ಇಳಿಜಾರು ಗೆರೆ ಎಳೆದೆ.
ಖಾಲಿ ಕಾರಿನ ಮಾದರಿ ಸಿದ್ಧ.
ಖಾಲಿ ಕಾರು ಯಾರಿಗೆ ಬೇಕು?

ಅದಕ್ಕೇ ಒಟಕಾರ್ ಬಂದ.
ಮೂವತ್ತಾರು ವರ್ಷ ಟ್ರಾಮ್ ಓಡಿಸಿದವನು,
ಈಗ ಗಂಟೆಗಿಷ್ಟೆಂದು ಹಿಂದಿನ ಸೀಟಿನಲ್ಲಿ ಕೂರುವ ಕೆಲಸ.
ನಮ್ಮ ಪಟ್ಟಿಯಲ್ಲಿ ಅವನ ಹೆಸರಿಲ್ಲ,
'ತೊಂಬತ್ತೆರಡು ಕಿಲೊ, ಕೋಟು ಸಹಿತ' ಎಂದಿದೆ.
ನಾನೇನು ಮಾಡಬೇಕು? ಎಂದ.
ಏನೂ ಮಾಡಬಾರದು.
ಅದು ಕಷ್ಟ, ಎಂದು ಟೋಪಿ ತೆಗೆದ.

ಕೂತ. ಗೆರೆ ಎಂಟು ಡೆಸಿಬೆಲ್ ಕುಸಿಯಿತು.
ಮೈಯೆಂದರೆ ನೀರು; ನೀರು ಅಲೆಯನ್ನು ಕುಡಿಯುತ್ತದೆ.
ಅಷ್ಟು ಗೊತ್ತಿತ್ತು.
ಆದರೆ ಕುಸಿದ ಗೆರೆ ಕುಸಿದಲ್ಲಿ ನಿಲ್ಲದೆ
ಏಳುತ್ತಿದೆ, ಬೀಳುತ್ತಿದೆ, ನಾಲ್ಕು ಸೆಕೆಂಡಿಗೊಮ್ಮೆ.
ಕೇಬಲ್ ಸಡಿಲವೇ? ಬಿಗಿ ಮಾಡಿದೆ.
ಮೇಲಿನ ರಸ್ತೆಯ ನಡುಕವೇ? ಟ್ರಾಮ್ ದಾಟುವವರೆಗೆ ಕಾದೆ.
ಹೆಡ್ವಿಕಾ ಪರದೆ ನೋಡಿದಳು, ಕಾರಿನೊಳಗೆ ನೋಡಿದಳು:
ಮುದುಕ ಉಸಿರಾಡುತ್ತಿದ್ದಾನೆ ಮಾರಾಯ.

ಉಸಿರು ಬಿಗಿಹಿಡಿಯಿರಿ, ಇಪ್ಪತ್ತೈದು ಸೆಕೆಂಡು, ಎಂದೆವು.
ಗಡಿಯಾರ ಬೇಡವೆಂದ. ಕಣ್ಣು ಮುಚ್ಚಿ,
ಇಲ್ಲದ ಹಿಡಿಕೆಯ ಮೇಲೆ ಎಡಗೈ ಇಟ್ಟು
ಯಾವುದೋ ಎರಡು ನಿಲ್ದಾಣಗಳ ನಡುವೆ ಹೊರಟ.
ಗೆರೆ ಮಲಗಿತು.
ನಿಲ್ದಾಣ ಬಂತೇನೋ, ಬಾಯ್ತೆರೆದ. ಸರಿಯಾಗಿ ಇಪ್ಪತ್ತೈದು.
ಹತ್ತು ಸಲ ಹೀಗೆ. ಹನ್ನೊಂದನೆಯ ಸಲ
ಕೂತಲ್ಲೇ ನಿದ್ದೆ ಹೋದ.
ಯಂತ್ರ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.
ಉದ್ದನೆಯ, ನಿಧಾನದ ಅಲೆಗಳು. ನಡುವೊಮ್ಮೆ ಗೊರಕೆಯ ಮುಳ್ಳು.
ಒಂದು ಕಡೆ ದೊಡ್ಡದೊಂದು ನಿಟ್ಟುಸಿರು,
ಯಾರನ್ನು ನೆನೆದನೋ, ಎಂಟಕ್ಕೆ ಒಂಬತ್ತಾಯಿತು.

ವರದಿ ಬರೆದೆ. ಏರಿಳಿತವನ್ನು ಸವರಿ ಸಪಾಟು ಮಾಡಿದೆ.
ಸಮೀಕರಣದಲ್ಲಿ ಕೂತ ಮನುಷ್ಯ
ಎಂಟು ಡೆಸಿಬೆಲ್ ಇದ್ದಾನೆ, ಉಸಿರಾಡುವುದಿಲ್ಲ.
ಆ ಹನ್ನೊಂದನೆಯ ಕಡತ ಎಲ್ಲಿದೆಯೆಂದು
ಹೆಡ್ವಿಕಾಗೂ ನಾನು ಉಸುರಿಲ್ಲ.

ಸಂಜೆ ಎಚ್ಚೆತ್ತ ಒಟಕಾರ್
ನಿದ್ದೆ ಮಾಡಿದ ಗಂಟೆಗೆ ಕೂಲಿ ಬೇಡವೆಂದ.
ಹೆಡ್ವಿಕಾ ಎಣಿಸಿ ಕೊಟ್ಟಳು.
ಕೋಟಿನ ಗುಂಡಿ ಹಾಕುತ್ತ ಕೇಳಿದ,
ನಾಳೆಯೂ ಏನೂ ಮಾಡುವುದಿಲ್ಲವೇ ನಾವು?